ಕಡಿಮೆ ಗಾಳಿಗೆ ದೊಡ್ಡ ಹಾಯಿ

"ಇದ್ಯಾವ ಆನೆಗೆ ರವಿಕೆ?"

ಕೇಳಿದ ಮೇಲೆ ಅನಸೂಯ ನಾಲಿಗೆ ಕಚ್ಚಿಕೊಂಡಳು. ಅಂಗಡಿಯ ಬಾಗಿಲಲ್ಲಿ ನಿಂತವನು ತಲೆಯಿಂದ ಕಾಲಿನವರೆಗೆ ನೆನೆದಿದ್ದ. ಹೆಗಲ ಮೇಲೆ ಕೆಂಪು ಹಳದಿ ಪಟ್ಟೆಯ ಭಾರಿ ಬಟ್ಟೆ. ಅದರ ನೀರು ಹೊಸಿಲ ಮೇಲೆ ಹರಿಯುತ್ತಿತ್ತು.

ಅವನು ನಗಲಿಲ್ಲ. ಸುಮ್ಮನೆ ಅವಳನ್ನೇ ನೋಡಿದ. ಹೊಲಿಗೆ ಮಿಷನ್ನಿನ ಮೇಲಿದ್ದ ಅವಳ ಕಾಲು ತಾನಾಗಿ ನಿಂತುಹೋಯಿತು.

"ಹಾಯಿ ಇದು. ಜಾಲಿ ಮುಳ್ಳಿಗೆ ಸಿಕ್ಕಿ ಹರೀತು. ಹೊಲಿದು ಕೊಡ್ತೀರಾ?"

ಅದು ಎಂಬತ್ತೇಳನೆಯ ಇಸವಿ ಇರಬೇಕು. ಶಿಡ್ಲಘಟ್ಟದ ಹತ್ತಿರದ ಆ ಊರಿನ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಅನಸೂಯಳ ತಂದೆ ಗಂಗುಲಪ್ಪ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆಂದು ಮುರುಗಮಲ್ಲದ ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದ. ಮಗಳು ಬೀದಿಯ ಕಡೆಯ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದಳು.

ಬಂದವನು ಅಮ್ಮಾಜಮ್ಮನ ಮಗ ವೆಂಕಟರವಣಪ್ಪ. ಊರಿಗೆಲ್ಲ ರವಣ. ಮಿಲಿಟರಿಯಲ್ಲಿದ್ದ. ರಜೆಗೆ ಬರುವಾಗ ಪಲ್ಟನ್ನಿನವರು ಹಳೆಯದೆಂದು ತೆಗೆದಿಟ್ಟ ತೇಲುಹಲಗೆಯೊಂದನ್ನು ಸಾಹೇಬರನ್ನು ಕೇಳಿ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದ. ಹಲಗೆಗೆ ಒಂದು ಕಂಬ, ಕಂಬಕ್ಕೆ ಹಾಯಿ. ಒಬ್ಬನೇ ನಿಂತು ಹಾಯಿ ಹಿಡಿದರೆ ಗಾಳಿ ನೀರಿನ ಮೇಲೆ ನಡೆಸಿಕೊಂಡು ಹೋಗುತ್ತದೆ. ರಜೆ ಮುಗಿದ ಕೂಡಲೇ ಪಲ್ಟನ್ನಿನ ಹಾಯಿ ಪಂದ್ಯದ ತಂಡಕ್ಕೆ ಆಯ್ಕೆ ಇತ್ತು. ಅವನು ಇದನ್ನು ಕಲಿತು ಇನ್ನೂ ವರ್ಷವಾಗಿರಲಿಲ್ಲ.

ಅವನ ಹತ್ತಿರ ಇನ್ನೊಂದು ಚಿಕ್ಕ ಹಾಯಿ ಇದೆ ಎಂದು ತಿಳಿದಾಗ, ಅದನ್ನೇ ಕಟ್ಟಬಾರದೇ ಎಂದು ಅವಳು ಕೇಳಿದಳು.

"ಚಿಕ್ಕದು ಜೋರು ಗಾಳಿಗೆ. ಈ ಕಾರ್ತಿಕದಲ್ಲಿ ಗಾಳಿ ಎಲ್ಲಿದೆ? ಇರೋ ಅಷ್ಟಿಷ್ಟು ಗಾಳೀನ ಹಿಡೀಬೇಕು ಅಂದ್ರೆ ಬಟ್ಟೆ ದೊಡ್ಡದಿರಬೇಕು."

"ಎಳೆದು ಹಿಡಿದ್ರೆ?"

"ಕಮ್ಮಿ ಗಾಳೀಲಿ ಎಳೀಬಾರ್ದು. ಹಿಡ್ಕೊಂಡು ನಿಂತಿರಬೇಕು, ಅಷ್ಟೆ. ಅದಾಗೇ ಬರುತ್ತೆ."

ಬಟ್ಟೆ ಗಡುಸು. ಕೈಹೊಲಿಗೆಯೇ ಬೇಕಾಯಿತು. ಸಂಜೆಯಾದರೆ ರವಣ ಬಂದು ಜಗುಲಿಯ ಮೇಲೆ ಕೂರುತ್ತಿದ್ದ. ಹಿಮ ಬೀಳುವ ಊರುಗಳ ಮಾತು ಹೇಳುತ್ತಿದ್ದ. ಒಳಗೆ ಗಂಗುಲಪ್ಪ ಕೆಮ್ಮಿದರೆ ಎದ್ದು ಹೋಗುತ್ತಿದ್ದ. ಅವನು ಹೋದ ಮೇಲೂ ಅನಸೂಯಳಿಗೆ ಅವನ ಧ್ವನಿ ಕೇಳುತ್ತಲೇ ಇರುತ್ತಿತ್ತು.

'ಇವರಿಗೆ ಯಾರೂ ಮಾಡಿಕೊಡದಷ್ಟು ಚೆನ್ನಾಗಿ ಮಾಡಿಕೊಡಬೇಕು...'

ಹರಿದದ್ದು ಕೂಡಿದ ಮೇಲೆ ಅವಳು ಹಾಯಿಯನ್ನು ನೆಲಕ್ಕೆ ಹಾಸಿದಳು. ನಡುವೆ ಬಟ್ಟೆ ಉಬ್ಬಿಕೊಂಡಿತ್ತು. ಮೊದಲು ಹೊಲಿದವನು ಅಳತೆ ತಪ್ಪಿದ್ದಾನೆ ಎಂದುಕೊಂಡಳು. ಹಳೆಯ ಹೊಲಿಗೆಯ ಪಕ್ಕದಲ್ಲೇ ಮಡಿಕೆ ಹಿಡಿದು, ಉದ್ದಕ್ಕೂ ಇನ್ನೊಂದು ಹೊಲಿಗೆ ಹಾಕಿದಳು. ಹಾಯಿ ಇಸ್ತ್ರಿ ಮಾಡಿದಂತೆ ಸಮನಾಗಿ ಮಲಗಿತು. ರವಣ ಅದರ ಮೇಲೆ ಅಂಗೈ ಆಡಿಸಿ, ಹೊಸದಕ್ಕಿಂತ ಚೆನ್ನಾಗಿದೆ ಎಂದ. ಆ ಒಂದು ಮಾತು ಅವಳಿಗೆ ಸಾಕಾಗಿತ್ತು.

ಮಾರನೆಯ ದಿನ ಕೆರೆ ಏರಿಯ ಮೇಲೆ ಊರೇ ಸೇರಿತ್ತು. ನೀರಿನ ಮೇಲೆ ಸಣ್ಣ ಗಾಳಿ ಇತ್ತು. ಆದರೆ ಹಾಯಿ ಅದನ್ನು ಹಿಡಿಯಲಿಲ್ಲ. ಹಲಗೆ ಕದಲಲಿಲ್ಲ. ರವಣ ನಿಂತ, ಬಿದ್ದ, ಮತ್ತೆ ಹತ್ತಿದ, ಮತ್ತೆ ಬಿದ್ದ. ಎಮ್ಮೆ ಮೇಲೆ ಕೂತಿದ್ದರೂ ಇಷ್ಟು ಹೊತ್ತಿಗೆ ಆಚೆ ದಡ ಸೇರುತ್ತಿದ್ದ ಎಂದು ಯಾರೋ ಅಂದರು. ಜನ ನಕ್ಕರು.

ದಡಕ್ಕೆ ಬಂದವನು ಅನಸೂಯಳ ಕಡೆ ನೋಡದೆ, ಹಾಯಿ ಸುತ್ತಿಕೊಂಡು ಹೊರಟುಹೋದ. ಅಂದು ಸಂಜೆ ಜಗುಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

'ನನ್ನ ಮೇಲೆ ಕೋಪ... ಇನ್ನು ಬರಲ್ಲ.'

ಬಂದವಳು ಅಮ್ಮಾಜಮ್ಮ. ಕೈಯಲ್ಲಿ ಅನಸೂಯಳೇ ಹೊಲಿದ ರವಿಕೆ.

"ಏಮಮ್ಮಾ ಅನಸೂಯಾ, ಹಾಕ್ಕೊಂಡು ನಿಂತ್ರೆ ಗೊಂಬೆ ಹಂಗೆ ಕಾಣ್ತೀನಿ. ಉಸಿರು ಎಳ್ಕೊಳ್ಳೋಕೇ ಜಾಗ ಇಲ್ಲ. ಒಂಚೂರು ಸಡಿಲ ಬಿಡಬಾರ್ದೇನಮ್ಮ?"

ಹೊಲಿಗೆ ಬಿಚ್ಚಲೆಂದು ಕತ್ತರಿ ತೆಗೆದುಕೊಂಡ ಅನಸೂಯಳ ಕೈ ಹಾಗೇ ನಿಂತಿತು.

ಉಸಿರು ಎಳೆದುಕೊಳ್ಳುವ ಜಾಗ... ಹಾಯಿಯ ನಡುವಿದ್ದ ಆ ಉಬ್ಬು!

ಅಮ್ಮಾಜಮ್ಮ ತನ್ನ ಪಾಡಿಗೆ ಹೇಳುತ್ತಿದ್ದಳು. ರವಣ ಸರಿಯಾಗಿ ಉಣ್ಣುತ್ತಿಲ್ಲ. ಹುಡುಗಿ ಹೊಲಿದದ್ದು ಚೆನ್ನಾಗಿದೆ, ನನ್ನ ಮೈಗೇ ಆ ವಿದ್ಯೆ ಹತ್ತಲಿಲ್ಲ ಎನ್ನುತ್ತಾನೆ. ನಾಳೆ ಮೊದಲ ಬಸ್ಸಿಗೆ ಹೋಗಿ ಆಯ್ಕೆಯಿಂದ ಹೆಸರು ತೆಗೆಸಿಬಿಡುತ್ತಾನಂತೆ.

"ನಿಮ್ಮಪ್ಪನ ಹತ್ರ ಒಂದು ಮಾತು ಕೇಳೋದಿತ್ತು ನಾನು. ಅದೂ ಬೇಡ ಅಂದುಬಿಟ್ಟ. ಕೆರೇಲೇ ನಿಲ್ಲೋಕಾಗದೋನು ಯಾವ ಮುಖ ಇಟ್ಕೊಂಡು ಕೇಳ್ಲಿ ಅಂತಾನೆ."

ಅನಸೂಯ ರವಿಕೆಯನ್ನು ಕೆಳಗಿಟ್ಟಳು. ಸುಮ್ಮನಿದ್ದರೆ ತಪ್ಪು ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ, ಊರು ನಕ್ಕದ್ದು ಇವಳಿಂದ ಎಂದು ಅವನಿಗೆ ತಿಳಿಯುತ್ತದೆ. ಆಮೇಲೆ ಅವನು ಮುಖ ನೋಡದಿದ್ದರೆ? ಆದರೆ ಅವನು ತನ್ನನ್ನೇ ಕೈಲಾಗದವನು ಎಂದುಕೊಂಡು ಹೋಗುವುದನ್ನು ಅವಳು ತಾಳಲಾರಳು.

ಕತ್ತರಿ ಹಿಡಿದೇ ಅವನ ಮನೆಯ ಹಿತ್ತಿಲಿಗೆ ಹೋದಳು. ರವಣ ಚೀಲ ಕಟ್ಟುತ್ತಿದ್ದ.

"ತಪ್ಪು ನಿಮ್ದಲ್ಲ. ನೀವು ಹೇಳದೇ ಇದ್ದಿದ್ದನ್ನ ನಾನು ಮಾಡ್ದೆ. ನಡುವೆ ಸಡಿಲ ಇತ್ತು. ಹೊಲಿಗೆ ಕೆಟ್ಟಿದೆ ಅಂದ್ಕೊಂಡು ಬಿಗಿ ಮಾಡ್ಬಿಟ್ಟೆ. ಗಾಳಿ ನಿಲ್ಲೋಕೆ ನಾನೇ ಜಾಗ ಇಡಲಿಲ್ಲ."

ಅವನು ಚೀಲ ಕೆಳಗಿಟ್ಟ. ಆಮೇಲೆ ಹಾಯಿ ತಂದು ಅವಳ ಮುಂದೆ ಬಿಡಿಸಿದ.

"ಇನ್ನೊಂದು ಕತ್ತರಿ ಇದೆಯಾ?" ಎಂದ.

ಅವನು ಒಂದು ತುದಿಯಿಂದ, ಅವಳು ಇನ್ನೊಂದು ತುದಿಯಿಂದ ಹೊಲಿಗೆ ಬಿಚ್ಚುತ್ತ ಬಂದರು. ನಡುವೆ ಬರುವ ಹೊತ್ತಿಗೆ ಇಬ್ಬರ ಕೈಗಳೂ ಒಂದೇ ಎಳೆಯ ಮೇಲಿದ್ದವು. ಯಾರೂ ಕೈ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹೋಯಿತು. ರವಣ ಕೆರೆಯಲ್ಲಿದ್ದ. ಏರಿಯ ಮೇಲಿನ ಹುಲ್ಲು ಕೂಡ ಅಲುಗದಷ್ಟು ಸಣ್ಣ ಗಾಳಿ. ಅವನು ಎಳೆಯಲಿಲ್ಲ, ಹಿಡಿದು ನಿಂತ. ಹಾಯಿ ನಿಧಾನವಾಗಿ ತುಂಬಿತು. ಹಲಗೆ ಸದ್ದಿಲ್ಲದೆ ಹೊರಟು, ಆಚೆ ದಡದವರೆಗೆ ಹೋಗಿ ತಿರುಗಿ ಬಂತು. ಅನಸೂಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹಾಯಿ ಒಣಗಿದ ಮೇಲೆ ಮಡಿಸಲು ಇಬ್ಬರೂ ಬೇಕಾಯಿತು. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು.

"ಅಮ್ಮ ಸಂಜೆ ನಿಮ್ಮಪ್ಪನ ಹತ್ರ ಬರ್ತಾಳೆ," ಎಂದು ರವಣ ಬಟ್ಟೆಯನ್ನು ತನ್ನ ಕಡೆಗೆ ಎಳೆದ. "ನಿಂಗೆ ಒಪ್ಪಿಗೇನಾ, ಅನಸೂಯಾ?"

"ಎಳೀಬೇಡಿ."

ಅವನ ಮುಖ ಬಾಡಿತು. "ಮತ್ತೆ?"

"ಹಿಡ್ಕೊಂಡು ನಿಂತಿರಿ, ಅಷ್ಟೆ," ಎಂದಳು. ತನ್ನ ಕೈಯ ಎರಡು ಮೂಲೆಗಳನ್ನು ಕೂಡಿಸಿಕೊಂಡು ಅವನ ಕಡೆಗೆ ಹೆಜ್ಜೆ ಇಟ್ಟಳು. "ನಾನೇ ಬರ್ತೀನಿ."