ಕಲ್ಲುಕುಂಟೆಯ ಒಡಕು ಗಂಟೆ

ಮಂಗಳವಾರ ಬೆಳಿಗ್ಗೆ ಆರೂವರೆಗೆ ಕಲ್ಲುಕುಂಟೆಯ ಗಂಗಮ್ಮನ ಗುಡಿಯಲ್ಲಿ ಗಂಟೆ ಇರಲಿಲ್ಲ.

ದೀಪ ಹಚ್ಚಲು ಬಂದ ಅಕ್ಕಯ್ಯಮ್ಮ ಎಂದಿನಂತೆ ಬಾರಿಸಲು ಕೈ ಮೇಲೆತ್ತಿದಳು. ಕೈಗೆ ಏನೂ ಸಿಗಲಿಲ್ಲ. ತಲೆಯೆತ್ತಿ ನೋಡಿದರೆ ತೊಲೆಯಲ್ಲಿ ಕೊಂಡಿ ಮಾತ್ರ ಇತ್ತು. ಇಪ್ಪತ್ತು ಕಿಲೋ ಕಂಚು ಮಾಯ. ಕೆಳಗೆ ಹೊಸ್ತಿಲ ಪಕ್ಕದಲ್ಲಿ ಒಂದು ಕ್ಯಾಸೆಟ್ ಬಿದ್ದಿತ್ತು.

ಎಂಟು ಗಂಟೆಗೆ ನಾವು ಅಲ್ಲಿದ್ದೆವು. ನಾವು ಅಂದರೆ ಎಎಸ್‌ಐ ಶ್ರೀರಾಮಪ್ಪನವರು ಮತ್ತು ಅವರ ಬೈಕಿನ ಹಿಂದೆ ಕೂತ ನಾನು, ಪೇದೆ ಬಚ್ಚಪ್ಪ. ಸಾಹೇಬರು ಇಪ್ಪತ್ತು ವರ್ಷ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸಿದವರು. ಮಾತು ಕಡಿಮೆ, ಕಿವಿ ಚುರುಕು. ನಂದು ಪೂರ್ತಿ ಉಲ್ಟಾ.

ಗುಡಿ ಕಮಿಟಿ ಅಧ್ಯಕ್ಷ ಜಯರಾಮಪ್ಪ ಆಗಲೇ ಊರನ್ನೆಲ್ಲ ಸೇರಿಸಿದ್ದರು. ನಾಲ್ಕು ವರ್ಷದ ಹಿಂದೆ ತಮ್ಮ ತಂದೆಯ ನೆನಪಿಗೆ ಆ ಗಂಟೆ ಮಾಡಿಸಿಕೊಟ್ಟವರೂ ಅವರೇ. ಗಂಟೆಯ ಮೇಲೆ ಜಯರಾಮಪ್ಪನವರ ಹೆಸರೇ ಇತ್ತು. ಪಾಪ, ಎರಕದಲ್ಲಿ ಏನು ಎಡವಟ್ಟಾಯಿತೋ, ಗಂಟೆ ಒಡಕು. ಢಣ್ ಎನ್ನಬೇಕಾದದ್ದು ಢಬ್ ಎನ್ನುತ್ತಿತ್ತು. ಸುತ್ತ ಹತ್ತು ಹಳ್ಳಿಯಲ್ಲಿ ಅದು ನಗೆಪಾಟಲು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

“ಇನ್ನೇನ್ ನೋಡ್ತೀರಾ ಸಾರ್?” ಜಯರಾಮಪ್ಪ ಗುಡುಗಿದರು. “ಕ್ಯಾಸೆಟ್ ಮ್ಯಾಲೆ ಸುಣ್ಣದ ಎಬ್ಬೆಟ್ಟೈತೆ. ಮುಖಕ್ಕೆ ಮಸಿ, ಸುಣ್ಣ ಬಳ್ಕೊಂಡು ಕಿರುಚ್ತಾರಲ್ಲ, ಮೈನ್ಸ್ ಲೈನಿನ ಉಡುಗ್ರು, ಅವ್ರ ಗುರ್ತು. ಆರುಮುಗಂ ಅಂತ ಎಸ್ರು ಬರ್ಕೊಳ್ಳಿ.”

ಆ ಗುರುತು ಎಲ್ಲರಿಗೂ ಗೊತ್ತಿದ್ದದ್ದೇ. ನಂದಿದುರ್ಗದ ಲೈನು ಅಂದರೆ ಕೆಜಿಎಫ್ ಗಣಿ ಕಾರ್ಮಿಕರ ಸಾಲುಮನೆಗಳು; ಅಲ್ಲಿನ ಮೂವರು ಹುಡುಗರ ಬ್ಯಾಂಡು ಅದು. ಹೆಸರು ‘ಸೈನೈಡ್ ಡಂಪ್’, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ವಿಷದ ಮಣ್ಣಿನ ದಿಬ್ಬ. ಬ್ಲ್ಯಾಕ್ ಮೆಟಲ್ ಅನ್ನೋ ಕಿರುಚು ಸಂಗೀತವಂತೆ. ಮದುವೆಗೆ ನುಡಿಸುವುದಿಲ್ಲ, ಗಣೇಶನ ಹಬ್ಬಕ್ಕೆ ನುಡಿಸುವುದಿಲ್ಲ. ಮತ್ಯಾಕೆ ನುಡಿಸುತ್ತಾರೋ!

“ಹೋದ ತಿಂಗ್ಳು ಬಂದಿದ್ರಪ್ಪ,” ಎಂದಳು ಅಕ್ಕಯ್ಯಮ್ಮ. “ಗಂಟೆ ಸದ್ದು ರೆಕಾರ್ಡ್ ಮಾಡ್ಕೊಂತೀವಿ ಅಂದ್ರು. ಬಾಗ್ಲು ತೆಗ್ದೆ. ಗಲಾಟೆ ಆಗ್ಬಾರ್ದಜ್ಜೀ ಅಂದ್ರು. ನಂಗ್ಯಾಕೆ ಅಂತ ಬೋರಿನ ತಾವ ನೀರಿಗೋದೆ.”

“ಆಗ ಗುಡಿಯಲ್ಲಿ ಬೇರೆ ಯಾರಿದ್ದರು?” ಸಾಹೇಬರು ಕೇಳಿದರು.

“ಯಾರೂ ಇಲ್ಲ. ಮಟಮಟ ಮಧ್ಯಾಹ್ನ. ನಾಯೀನೂ ಇರ್ಲಿಲ್ಲ.”

ಸಾಹೇಬರು ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟರು. “ಬಚ್ಚಪ್ಪ, ‘ಅಪರಿಚಿತ ವ್ಯಕ್ತಿಗಳು’ ಅಂತ ಬರಿ.”

ಜಯರಾಮಪ್ಪನವರ ಮುಖ ಗಂಟಿಕ್ಕಿತು. ನನಗೆ ಮಾತ್ರ ಹೋದ ಜೀವ ಬಂದಂತಾಯಿತು. ಯಾಕೆಂದರೆ ಆರುಮುಗಂನ ಫೈಲು ನನ್ನ ಮೇಜಿನ ಮೇಲೇ ಇತ್ತು. ಅವನಿಗೆ ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಶುಕ್ರವಾರದೊಳಗೆ ನಮ್ಮ ಠಾಣೆಯಿಂದ ನಡತೆಯ ವರದಿ ಹೋಗಬೇಕು. ಕೇಸಿನಲ್ಲಿ ಹೆಸರು ಬಿತ್ತೋ, ಕೆಲಸ ಕೈಬಿಟ್ಟಿತು. ಅವನಪ್ಪ ಪೆರುಮಾಳ್ ಮೂವತ್ತು ವರ್ಷ ಗಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವನು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹದಿನೈದು ದಿನದಿಂದ ಠಾಣೆಗೆ ಬಂದು ಬೆಂಚಿನ ಮೇಲೆ ಕೂತು, “ಕಾಗ್ದ ಓಯ್ತಾ ಸಾರ್?” ಎಂದು ಕೇಳುತ್ತಿದ್ದ.

*

ಠಾಣೆಯ ಬಾಗಿಲು ಮುಂದೆ ಮಾಡಿ ಕ್ಯಾಸೆಟ್ ಹಾಕಿದೆವು. ಕೇಳಿದ್ದು ನಾವಿಬ್ಬರೇ.

ಮೊದಲು ಗಂಟೆ. ಢಬ್. ಢಬ್. ಢಬ್. ಮೂರನೆಯದರ ಹಿಂದೆಯೇ ಯಾರೋ ಗಟ್ಟಿಯಾಗಿ ನಕ್ಕರು. ಟಪ್ ಎಂದು ರೆಕಾರ್ಡರ್ ನಿಂತ ಸದ್ದು. ಆಮೇಲೆ ಶುರುವಾಯಿತು ನೋಡಿ! ರಾಗಿ ಮಿಲ್ಲಿನ ಬೆಲ್ಟು ಕಿತ್ತು ಬಂದರೂ ಅಷ್ಟು ರಂಪ ಆಗುವುದಿಲ್ಲ. ಅದರ ನಡುವೆ ಒಬ್ಬ ಗಂಟಲು ಹರಿದುಕೊಳ್ಳುತ್ತಿದ್ದ.

ನಾನು ಕಿವಿ ಮುಚ್ಚಿಕೊಂಡೆ. ಸಾಹೇಬರು ಕಣ್ಣು ಮುಚ್ಚಿಕೊಂಡು ಅರ್ಧ ಗಂಟೆ ಕೇಳಿದರು. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದರು.

“ಶ್ರುತಿ ತಪ್ಪಿಲ್ಲ ಕಣಯ್ಯ.”

“ಇದಕ್ಕೆ ಶ್ರುತಿ ಬೇರೆ ಇದೆಯಾ ಸಾರ್?”

“ಇದೆ. ಗಂಟೆಗೇ ಗಿಟಾರ್ ಕಟ್ಟಿದ್ದಾನೆ. ಆ ಒಡಕು ಸ್ವರಕ್ಕೆ.”

“ಹಾಗಾದರೆ ಗಂಟೆ ಮೇಲೆ ಕಣ್ಣಿತ್ತು ಅಂತಾಯ್ತಲ್ಲ ಸಾರ್.”

“ಕಿವಿ ಇತ್ತು,” ಎಂದು ಸಾಹೇಬರು ಕ್ಯಾಸೆಟ್ಟನ್ನು ಕವರಿಗೆ ಹಾಕಿ ಸೀಲ್ ಮಾಡಿದರು.

*

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಂದಿದುರ್ಗಕ್ಕೆ ಹೋದೆವು. ತಗಡಿನ ಸೂರಿನ ಒಂದೇ ಕೋಣೆ, ಒಲೆಯ ಹಾಗೆ ಕಾಯುತ್ತಿತ್ತು. ಒಂದು ಗಿಟಾರ್, ಎರಡು ಡ್ರಮ್ಮು, ಹಳೇ ಟೇಪ್ ರೆಕಾರ್ಡರ್. ಆರುಮುಗಂ ಎದ್ದು ನಿಂತ. ತಲೆಗೆ ಎಣ್ಣೆ ಹಚ್ಚಿ ಬಾಚಿದ, ತೆಳ್ಳಗಿನ, ಮೆದು ದನಿಯ ಹುಡುಗ. ಆ ಕಿರುಚಾಟ ಇವನದು ಎಂದರೆ ನಂಬುವುದು ಹೇಗೆ?

“ಈ ಬಿಸಿಲಲ್ಲಿ ಪ್ರಾಕ್ಟೀಸಾ?” ಎಂದೆ. “ನಿಮ್ಮಂಥವರು ಅಮಾವಾಸ್ಯೆ, ಸ್ಮಶಾನ ಅಂತ ಹುಡುಕೋದಲ್ವಾ?”

“ಕತ್ತಲಾದ್ರೆ ಯಾರ್ ಬೇಕಾದ್ರೂ ಹೆದರ್ತಾರೆ ಸಾರ್, ಅದ್ರಲ್ಲೇನಿದೆ? ಎರಡು ಗಂಟೆ ಬಿಸಿಲಲ್ಲಿ ಒಬ್ಬರೇ ಹೋಗಿ ಸೈನೈಡ್ ದಿಬ್ಬ ನೋಡಿ. ನೆರಳು ಇಲ್ಲ, ಹುಲ್ಲು ಇಲ್ಲ. ನಮ್ಮ ಹಾಡೆಲ್ಲ ಅದೇ.”

“ಇದನ್ನ ಎಲ್ಲಿ ಕಲಿತೆ?” ಸಾಹೇಬರು ಕೇಳಿದರು.

“ಯಾರೋ ಒಂದು ಫಾರಿನ್ ಕ್ಯಾಸೆಟ್ ಕೊಟ್ರು ಸಾರ್. ಕಾಪಿಯ ಕಾಪಿಯ ಕಾಪಿ. ಸೌಂಡೆಲ್ಲ ಸವೆದು ಹೋಗಿತ್ತು. ಆಮೇಲೆ ಒರಿಜಿನಲ್ ಕೇಳಿದ್ವಿ, ಚೆನ್ನಾಗಿರ್ಲಿಲ್ಲ. ತುಂಬಾ ಕ್ಲೀನು. ಡ್ರಮ್ಮು ನಮ್ ಲೈನಿನ ಸಾವಿನ ಪರೈ ತಮಟೆ ಏಟು. ಕೂಗು ನಮ್ ಪಾಟಿದು, ಅಜ್ಜಿದು. ಸಾವಿನ ಮನೇಲಿ ಒಪ್ಪಾರಿ ಹಾಡ್ತಿದ್ರು. ಅವ್ರಷ್ಟು ನಂಗೆ ಬರಲ್ಲ.”

“ದೇವರ ಮೇಲೆ ಸಿಟ್ಟಾ?” ಎಂದೆ.

“ಅಯ್ಯೋ, ಇಲ್ಲ ಸಾರ್. ಮೈಕ್ ಸೆಟ್ಟಿನ ಮೇಲೆ ಸಿಟ್ಟು. ಎಲ್ಲಾ ಗುಡಿ, ಎಲ್ಲಾ ಚರ್ಚೂ ಒಂದೇ ಥರ ಕೇಳ್ಸುತ್ತೆ. ಕಲ್ಲುಕುಂಟೆ ಗಂಟೆ ಮಾತ್ರ ಬೇರೆ.”

ಸಾಹೇಬರು ಚಾಪೆಯ ಮೇಲೆ ಕೂತೇಬಿಟ್ಟರು. “ನಿಮ್ಮ ಬೇರೆ ಕ್ಯಾಸೆಟ್ ಹಾಕು.”

ಮೂವರ ಬಳಿ ಇದ್ದ ಮೂರನ್ನೂ ಹಾಕಿದ. ಒಂದರ ಶುರುವಿನಲ್ಲಿ ಗೂಡ್ಸ್ ರೈಲು. ಇನ್ನೊಂದರಲ್ಲಿ ಗಣಿಯ ಸೈರನ್. ಮೂರನೆಯದರಲ್ಲಿ ಪೆರುಮಾಳ್‌ನ ಕೆಮ್ಮು. ಹಾಡುಗಳು ಅವೇ, ಆದರೆ ಒಂದೊಂದರಲ್ಲಿ ಒಂದೊಂದು ಶ್ರುತಿ ಎಂದರು ಸಾಹೇಬರು. ನನಗೆ ಎಲ್ಲವೂ ಮಿಲ್ಲಿನ ಬೆಲ್ಟೇ.

“ಒಟ್ಟು ಎಷ್ಟು ಕ್ಯಾಸೆಟ್?”

“ಒಂಬತ್ತು ಸಾರ್. ಒಂದೊಂದಕ್ಕೂ ಶುರು ಬೇರೆ.”

“ಗಂಟೆ ಇರೋದು ಯಾರಿಗೆ ಕೊಟ್ಟೆ?”

ಆರುಮುಗಂ ತಲೆ ತಗ್ಗಿಸಿದ. “ಯಾರಿಗೆ ಕೊಟ್ವಿ ಅಂತ ಹೇಳಲ್ಲ ಸಾರ್. ನಮ್ಮ ಮೂವರ ಕಟ್ಟುಪಾಡು. ಹೇಳಿದ್ರೆ ಅದು ಪ್ರಚಾರ ಆಗುತ್ತೆ. ಅವ್ರ ಹತ್ರದಿಂದ ಯಾರೋ ಕದ್ದಿರ್ಬೇಕು. ದೊಡ್ಡೋರು, ಅವ್ರನ್ನ ಯಾಕೆ ಸ್ಟೇಷನ್ನಿಗೆ ಎಳೀಲಿ?”

“ಲೇ, ನಿನ್ನ ಕೆಲಸ ಹೋಗುತ್ತೆ ಕಣ್ಲಾ!” ನಾನು ರೇಗಿದೆ. “ಅಪ್ಪನ ಮುಖ ನೋಡು!”

ಅವನ ಕಣ್ಣು ತುಂಬಿತು. ಬಾಯಿ ಮಾತ್ರ ಬಿಡಲಿಲ್ಲ. ಮೂರ್ಖ ನನ್ಮಗ ಎಂದು ಬೈದುಕೊಂಡೆ. ಒಳಗೊಳಗೇ ಇಷ್ಟವೂ ಆದ.

*

ಗುರುವಾರ ಬೆಳಿಗ್ಗೆ ಬಂಗಾರಪೇಟೆಯಿಂದ ಫೋನ್ ಬಂತು. ಗುಜರಿ ಅಂಗಡಿಗೆ ಯಾರೋ ಗಂಟೆ ತಂದು ಹಾಕಿದ್ದಾರಂತೆ. ಬಿದ್ದಂಬೀಳ ಓಡಿದೆವು. ನೋಡಿದರೆ ಯಾವುದೋ ಶಾಲೆಯ ಹಿತ್ತಾಳೆ ಗಂಟೆ. ಬಾರಿಸಿದರೆ ಢಣ್ ಎಂದು ಚೆನ್ನಾಗಿ ನುಡಿಯಿತು. ನನಗೆ ಸಿಟ್ಟು ಬಂತು.

ಸಾಹೇಬರು ರೈಲ್ವೆ ಸ್ಟೇಷನ್ ಎದುರಿನ ಕ್ಯಾಸೆಟ್ ಅಂಗಡಿಗೆ ನುಗ್ಗಿದರು. ಮಾಲೀಕ ವಿಶ್ವನಾಥ್ ಆ ಹುಡುಗರ ಹೆಸರು ಕೇಳಿದ್ದೇ ನಗತೊಡಗಿದ.

“ಖಾಲಿ ಕ್ಯಾಸೆಟ್ ನನ್ನ ಹತ್ರಾನೇ ತಗೊಳ್ಳೋದು ಸಾರ್, ಒಂದೊಂದೇ. ಒಂದು ಮಾಸ್ಟರ್ ಕೊಡ್ರಯ್ಯ, ಸಂಜೆಯೊಳಗೆ ನೂರು ಕಾಪಿ ಮಾಡ್ಕೊಡ್ತೀನಿ ಅಂದೆ. ನನ್ನನ್ನೇ ಕಳ್ಳನ ಥರ ನೋಡಿದ್ರು! ಕಾಪಿ ಮಾಡಬಾರದಂತೆ. ಒಂದು ಕ್ಯಾಸೆಟ್ ಬೇಕು ಅಂದ್ರೆ ಮೊದಲಿಂದ ಕೊನೇವರೆಗೂ ಮತ್ತೆ ನುಡಿಸ್ತಾರಂತೆ.”

“ಅಂದರೆ ಒಂದರ ಥರ ಇನ್ನೊಂದು ಇರೋದೇ ಇಲ್ಲ?”

“ಹೆಂಗಿರುತ್ತೆ ಸಾರ್?”

ಸಾಹೇಬರು ಹೊರಗೆ ಬಂದು ಬೈಕಿಗೆ ಕೀ ಹಾಕಿದರು. “ಬಚ್ಚಪ್ಪ, ಹೋಗಿ ಆರುಮುಗಂನ ಕರ್ಕೊಂಡು ಕಲ್ಲುಕುಂಟೆಗೆ ಬಾ. ಆಟೋದಲ್ಲಿ. ಬೇಡಿ ಬೇಡ.”

*

ಜಯರಾಮಪ್ಪನವರ ಜಗುಲಿಯ ಮೇಲೆ ಸಾಹೇಬರು ಮಜ್ಜಿಗೆ ಕುಡಿಯುತ್ತಿದ್ದರು. ಆಟೋದಿಂದ ಇಳಿದ ಹುಡುಗನನ್ನು ಕಂಡು ಜಯರಾಮಪ್ಪನವರ ಮುಖ ಅರಳಿತು.

“ಇಡಿದ್ರಾ? ಒಳ್ಳೇದಾಯ್ತು ಬಿಡಿ.”

“ಇವರ ಹಾಡು ಕೇಳಿದ್ದೀರಾ?” ಸಾಹೇಬರು ಲೋಟ ಕೆಳಗಿಟ್ಟರು.

“ಥೂ! ನಾನ್ಯಾಕೆ ಕೇಳ್ಲಿ?”

“ಪಾಪ, ಗಂಟೆ ಇಷ್ಟ ಆಗಿ ರೆಕಾರ್ಡ್ ಮಾಡಿದ್ದಾರೆ.”

“ಇಷ್ಟಾನಾ?” ಜಯರಾಮಪ್ಪ ಎದ್ದು ನಿಂತರು. “ಮೂರ್ ಸಲ ಬಾರ್ಸಿ ಗೊಳ್ಳಂತ ನಕ್ಕವ್ರೆ! ನಮ್ಮಪ್ಪನ ಎಸ್ರಲ್ಲಿ ಕೊಟ್ಟ ಗಂಟೆ ಅದು. ಅದನ್ನ ಕ್ಯಾಸೆಟ್ ಮಾಡಿ ಊರೂರ್ಗೂ ಅಂಚವ್ರೆ!”

ನಾನು ಸಾಹೇಬರನ್ನು ನೋಡಿದೆ. ಅವರು ಅವಸರ ಮಾಡಲಿಲ್ಲ.

“ನಕ್ಕಿದ್ದು ನಿಮಗೆ ಹೇಗೆ ಗೊತ್ತು? ಅವತ್ತು ಗುಡಿಯಲ್ಲಿ ನಾಯಿಯೂ ಇರಲಿಲ್ಲ. ಆ ನಗು ಇರೋದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನ ಕೇಳಿದವರು ನಾನು ಮತ್ತು ಬಚ್ಚಪ್ಪ.”

ಜಯರಾಮಪ್ಪ ಟವೆಲನ್ನು ಹೆಗಲಿಗೆ ಎಳೆದುಕೊಂಡರು. “ಎಲ್ಲೋ... ಯಾರೋ ಆಕಿದ್ರು. ಅಂಗಡೀಲಿ. ಎಲ್ಲಾ ಕ್ಯಾಸೆಟ್ಟಲ್ಲೂ ಅದೇ ತಾನೆ ಇರೋದು?”

“ಅಲ್ಲೇ ನೀವು ಎಡವಿದ್ದು. ಬೇರೆಯವರ ಕ್ಯಾಸೆಟ್ ಆದರೆ ನಿಮ್ಮ ಮಾತು ಸರಿ, ಒಂದರಂತೆ ನೂರು. ಇವರು ಕಾಪಿ ಮಾಡೋದಿಲ್ಲ. ಒಂಬತ್ತರಲ್ಲಿ ಗಂಟೆ ಇರೋದು ಒಂದರಲ್ಲಿ. ಆ ಗಂಟೆಗೇ ಶ್ರುತಿ ಮಾಡಿಕೊಂಡು ನುಡಿಸಿದ ಕ್ಯಾಸೆಟ್ಟನ್ನ ಈ ಹುಡುಗರು ಯಾರಿಗೆ ಕೊಟ್ಟಾರು? ಇವನು ಬಾಯಿ ಬಿಡಲಿಲ್ಲ, ದೊಡ್ಡವರು ಅಂದ ಅಷ್ಟೆ. ಗಂಟೆಯ ಮೇಲೆ ಇರೋದು ಒಂದೇ ಹೆಸರು.”

ನನಗೆ ಆಗ ಕಂಡಿತು. ಅಂಗಳದ ಮೂಲೆಯಲ್ಲಿ ಹಗೇವು. ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಬಾಯಿಗೆ ಚಪ್ಪಡಿ, ಸುತ್ತ ಮೆತ್ತಿದ ಕೆಮ್ಮಣ್ಣು ಇನ್ನೂ ಹಸಿ. ಹೊಲದಲ್ಲಿ ಪೈರು ಇನ್ನೂ ಮೊಣಕಾಲುದ್ದ. ರೈತನ ಮಗ ನಾನು, ಅಷ್ಟೂ ತಿಳಿಯದೇ?

“ಅಮ್ಮಾ, ಹಗೇವಿಗೆ ಈಗ ರಾಗಿ ತುಂಬಿದ್ರಾ?” ಬಾಗಿಲಲ್ಲಿ ನಿಂತಿದ್ದ ಜಯರಾಮಪ್ಪನವರ ಹೆಂಡತಿ ಮುನಿನಾರಾಯಣಮ್ಮನನ್ನು ಕೇಳಿದೆ.

“ಅದ್ಯಾಕಪ್ಪ ತುಂಬಾನಾ? ನಮ್ಮತ್ತೆ ಕಾಲಕ್ಕೇ ಬಿಟ್ಟೋಯ್ತು. ಈಗೆಲ್ಲ ಮೂಟೇಲೇ ಅಲ್ವಾ?”

ಚಪ್ಪಡಿ ಸರಿಸಿದೆ. ಗೋಣಿಚೀಲ ಸುತ್ತಿದ ಗಂಟೆ ತಳದಲ್ಲಿ ಕೂತಿತ್ತು.

ಜಯರಾಮಪ್ಪ ಜಗುಲಿಯ ಮೇಲೆ ಕುಸಿದರು. ಆಮೇಲೆ ಎಲ್ಲ ತಾನಾಗಿ ಬಂತು. ಹೊಸ ಗಂಟೆ ಹಾಕಿಸಲು ಎರಡು ಸಲ ಅಮ್ಮನ ಹೂ ಕೇಳಿದ್ದರಂತೆ. ಎರಡು ಸಲವೂ ಹೂ ಎಡಕ್ಕೆ ಬಿತ್ತು, ಬೇಡ ಎಂದು. ಅಮ್ಮನಿಗೆ ಕೊಟ್ಟದ್ದನ್ನು ಅಪ್ಪಣೆಯಿಲ್ಲದೆ ಬದಲಿಸುವಂತಿಲ್ಲ. ಕಳ್ಳತನವಾದರೆ ಹೊಸದು ಹಾಕಿಸಲು ಯಾರನ್ನೂ ಕೇಳಬೇಕಾಗಿಲ್ಲ.

“ನಾಕು ವರ್ಷ ತಡ್ಕೊಂಡೆ ಸಾರ್,” ಎಂದರು. “ದಿನಾ ಬೆಳಿಗ್ಗೆ ಅಜ್ಜಿ ಬಾರ್ಸೋಳು, ಊರು ನಗೋದು. ಆ ನಗೂನ ಕ್ಯಾಸೆಟ್ಟಲ್ಲೂ ಕೇಳ್ದಾಗ ತಲೆ ಕೆಟ್ಟೋಯ್ತು. ಇವ್ರೂ ಅನುಭವಿಸ್ಲಿ ಅಂತ ಅಲ್ಲೇ ಬಿಸಾಕಿದೆ.”

ಆಟೋ ಪಕ್ಕದಲ್ಲಿ ನಿಂತಿದ್ದ ಆರುಮುಗಂ ಮುಂದೆ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದವನು ನಾನು.

“ಅಯ್ಯಾ, ನಕ್ಕಿದ್ದು ನಾನೇ. ಖುಷಿ ತಡ್ಯಕ್ಕಾಗ್ಲಿಲ್ಲ. ಎರಡು ವರ್ಷದಿಂದ ಆ ಸೌಂಡಿಗೋಸ್ಕರ ಹುಡುಕಿದ್ದೀನಿ. ಗಿಟಾರಲ್ಲಿ ಬರ್ಲಿಲ್ಲ, ತಗಡಲ್ಲಿ ಬರ್ಲಿಲ್ಲ. ನಿಮ್ ಗಂಟೇಲಿ ಬಂತು. ಅದಕ್ಕೇ ನಿಮ್ಮ ಕೈಗೇ ತಂದು ಕೊಟ್ಟೆ.”

ಜಯರಾಮಪ್ಪ ಅವನತ್ತ ತಿರುಗಿದರು. “ಊರೆಲ್ಲಾ ಕೇಳಿ ನಗ್ತೈತೆ ಅಂದ್ಕೊಂಡ್ನಲ್ಲಪ್ಪ.”

“ಊರಿಗೆ ಎಲ್ಲಿ ಕೊಟ್ವಿ ಅಯ್ಯಾ? ಮಾಡಿದ್ದೇ ಒಂದು. ನಿಮಗೆ ಅಂತ.”

ಅವರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗಿತು. ಮುನಿನಾರಾಯಣಮ್ಮ ಬಂದು ಪಕ್ಕದಲ್ಲಿ ಕೂತಳು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ನಾಲ್ಕು ವರ್ಷ ನಕ್ಕವರಲ್ಲಿ ನಾನೂ ಒಬ್ಬನಲ್ಲವೇ?

ಅಂದೇ ಸಂಜೆ ಕೇಸಿನಲ್ಲಿ ಜಯರಾಮಪ್ಪನವರ ಹೆಸರು ಬರೆದೆ. ಆಮೇಲೆ ಇನ್ನೊಂದು ಫೈಲು ತೆಗೆದು, ‘ನಡತೆ ಉತ್ತಮ, ಯಾವ ಪ್ರಕರಣವೂ ಇಲ್ಲ’ ಎಂದು ದುಂಡಗೆ ಬರೆದೆ. ಸಾಹೇಬರು ಸಹಿ ಹಾಕಿದರು. ಟಪಾಲಿಗೆ ನಾಳೆ ತನಕ ಕಾಯುವುದೇಕೆಂದು ನಾನೇ ಕಾರ್ಖಾನೆಗೆ ಹೋಗಿ ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದೆ.

ಪೆರುಮಾಳ್ ಬೆಂಚಿನ ಮೇಲೇ ಇದ್ದ. ನನ್ನನ್ನು ಕಂಡು ಏಳಲು ಹೋದ. ಕೂತ್ಕೊಳಪ್ಪ ಎಂದೆ. ಪಕ್ಕದಲ್ಲಿ ನಾನೂ ಕೂತೆ.

“ಕಾಗ್ದ ಓಯ್ತು.”

ಅವನು ನನ್ನ ಕೈ ಹಿಡಿದುಕೊಂಡ. ಉಸಿರು ಹದಕ್ಕೆ ಬರುವ ತನಕ ಬಿಡಲೇ ಇಲ್ಲ.