ಎಣ್ಣೆಗೆಂಪು ಮೈಬಣ್ಣ

ಗುರುವಾರ ಬೆಳಿಗ್ಗೆ ಹತ್ತೂವರೆಗೆ ರಾವೂರಿನ ಅನಸುಬಾಯಿ ಮಗಳ ರಟ್ಟೆ ಹಿಡಿದುಕೊಂಡೇ ವಾಡಿ ಠಾಣೆಯ ಮೆಟ್ಟಿಲು ಹತ್ತಿದಳು. ಮಗಳು ಲುಂಬಿನಿ ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದಳು.

“ಕುಂದ್ರಿ. ಏನಾಗ್ಯಾದ?” ಪಿಎಸ್‌ಐ ಸುಮಂಗಲಾ ಕೇಳಿದಳು.

“ಮಾಡೆಲ್ ಮಾಡ್ತೀನಂತ ಯಾವನೋ ಬಂದಾನ್ರಿ ಮೇಡಮ್. ಹೆಸರು ಹಚ್ಚಲಿಕ್ಕ ಒಮ್ಮೆ ರೊಕ್ಕ, ಫೋಟೋಕ್ಕ ಒಮ್ಮೆ ರೊಕ್ಕ. ಈಗ ಫೈನಲ್ ಅದ, ಆಯ್ತವಾರ ಮುಂಬೈಕ್ಕ ಬಾ ಅಂತಾನ. ನರ್ಸಿಂಗ್ ಫೀಸಿಗಿಟ್ಟಿದ್ದೂ ತಗೊಂಡು ಹೊಂಟಾಳ್ರಿ ಈಕಿ.”

“ಸೇಡಂ, ಚಿತ್ತಾಪುರ, ಶಹಾಬಾದ ಎಲ್ಲಾ ಕಡಿ ಹುಡುಗೇರ್‍ನಾಗ ನಾ ಒಬ್ಬಾಕಿನೇ ಸೆಲೆಕ್ಟ್ ಆಗೀನಿ,” ಎಂದಳು ಲುಂಬಿನಿ.

“ಸೇಡಂದಾಗಿನ ನನ್ನ ತಂಗಿ ಮಗಳಿಗೂ ಅದೇ ಹೇಳ್ಯಾನ!”

“ಊರಿಗೊಬ್ಬಾಕಿ ಇರಬೇಕು ಬಿಡ್ರಿ,” ಎಂದು ಪೇದೆ ಖಂಡಪ್ಪ ನಕ್ಕ. ಸುಮಂಗಲಾ ದುರುಗುಟ್ಟಿದಳು.

ಆರ್ಯನ್ ಸರ್ ಎಂಬುದಷ್ಟೇ ಅವನ ಗುರುತು. ಕರೆ ಮಾಡಿದರೆ ಫೋನು ಬಂದ್. ಅವನು ತೆಗೆದ ತನ್ನ ಫೋಟೋವನ್ನು ಲುಂಬಿನಿ ಮೊಬೈಲಿನಲ್ಲಿ ತೋರಿಸಿದಳು. ನೆಲಕ್ಕೆ ಹಾಸುವ ಪರಸಿ ಕಲ್ಲಿನ, ಕೆಲಸ ನಿಂತುಹೋದ ಗಣಿಯೊಳಗೆ ಹುಡುಗಿ ನಿಂತಿದ್ದಳು. ಬೆಳಕು ಮೇಲಿನಿಂದಲ್ಲ, ಕಲ್ಲಿನೊಳಗಿಂದ ಬಂದು ಅವಳ ಗಲ್ಲ ಮುಟ್ಟಿದ ಹಾಗಿತ್ತು. ತನ್ನ ಮದುವೆಯ ಆಲ್ಬಮ್ಮಿನಲ್ಲೂ ಯಾರೂ ತನ್ನನ್ನು ಹೀಗೆ ನೋಡಿರಲಿಲ್ಲ ಎಂಬುದು ಸುಮಂಗಲಾಗೆ ಯಾಕೋ ಈಗ ಹೊಳೆಯಿತು.

“ಸೆಲೆಕ್ಟ್ ಮಾಡಿದಾಗ ಏನಂದ?”

ಲುಂಬಿನಿಯ ಮುಖ ಅರಳಿತು. “ಮೈಕಿನ್ಯಾಗ ಹೇಳಿದ್ರು. ಕೋಲು ಮುಖ, ನೀಳ ಮೂಗು, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು ಅಂತ. ಸೆಲೆಕ್ಷನ್ನಿಗೆ ಬಂದ ಹುಡುಗೇರೆಲ್ಲಾ ಚಪ್ಪಾಳಿ ಹೊಡದ್ರು.”

ಸುಮಂಗಲಾಳ ಪೆನ್ನು ನಿಂತಿತು. ಕಾಣೆಯಾದವರ ಪ್ರಕಟಣೆಯಲ್ಲಿ, ಅನಾಮಧೇಯ ಶವದ ಚಹರೆಯಲ್ಲಿ ತಾನು ವರ್ಷಗಟ್ಟಲೆ ಬರೆದ ಮಾತುಗಳಿವು. ಠಾಣೆಯ ಹೊರಗೆ ಯಾವ ಹೆಣ್ಣಿನ ಬಣ್ಣವನ್ನೂ ಯಾರೂ ಎಣ್ಣೆಗೆಂಪು ಅನ್ನುವುದಿಲ್ಲ.

“ಖಂಡಪ್ಪ, ರೇಲ್ವೆ ಹಳಿ ಮ್ಯಾಲಿನ ಹೆಣದ ಫೋಟೋ ಮೊದಲ ಯಾರು ತೆಗೀತಿದ್ರು?”

“ಶಂಕರಲಿಂಗ ಅಂತ ಇದ್ದನ್ರಿ. ಫೋಟೋ ಹೊಡದು ಚಹರಿನೂ ಬಾಯಿಲೇ ಬರಸ್ತಿದ್ದ. ನಾವು ನಮ್ಮ ಫೋನಿನ್ಯಾಗೇ ತೆಗೀಲಿಕ್ಕತ್ತಿದ ಮ್ಯಾಲ ಯಾರೂ ಕರೀಲಿಲ್ಲ.” ಮಾತು ಮುಗಿಯುವಷ್ಟರಲ್ಲಿ ಖಂಡಪ್ಪನ ನಗು ಇಂಗಿತ್ತು. ತನ್ನ ಮೊಬೈಲಿನಲ್ಲಿ ಹುಡುಕಿ ಶಂಕರಲಿಂಗನ ಹಳೆಯದೊಂದು ಚಿತ್ರ ತೋರಿಸಿದ.

“ಇವರೇ ಆರ್ಯನ್ ಸರ್,” ಎಂದಳು ಲುಂಬಿನಿ. ಆದರೆ ಹೇಳಿಕೆ ಕೊಡಲು ಒಪ್ಪಲಿಲ್ಲ. “ನಾ ಮುಂಬೈಕ್ಕ ಹೋಗಾಕೀನೇ.”

ತಾಯಿಯ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸುಮಂಗಲಾ ಸಾಕ್ಷಿಗಾಗಿ ಇಬ್ಬರು ಪಂಚರೊಡನೆ ಫೋಟೋದಲ್ಲಿದ್ದ ರಾವೂರಿನ ಆ ಗಣಿಗೆ ಇಳಿದಳು. ಬೆಳಗಿನ ಬೆಳಕಿಗೆ ಅವನು ಅಲ್ಲಿಗೇ ಬರುತ್ತಾನೆಂದು ಅನಸುಬಾಯಿಯ ತಂಗಿ ಮಗಳಿಂದ ತಿಳಿದಿತ್ತು. ಶಂಕರಲಿಂಗ ಚಿಂಚೋಳಿಯ ಹುಡುಗಿಯೊಬ್ಬಳನ್ನು ಫೋಟೋಕ್ಕೆ ನಿಲ್ಲಿಸಿಕೊಂಡಿದ್ದ. ಪದರ ಪದರ ಕಲ್ಲಿನ ಗೋಡೆ, ತಳದಲ್ಲಿ ಹಸಿರು ನೀರು, ಅದರಿಂದೆದ್ದ ಬೆಳಕು ಆ ಬಡಕಲು ಹುಡುಗಿಯನ್ನು ತೋಯಿಸುತ್ತಿತ್ತು. ಬಂಧಿಸಲು ಬಂದವಳು ಒಂದು ಗಳಿಗೆ ಉಸಿರು ಹಿಡಿದು ನಿಂತಳು. ಕ್ಯಾಮೆರಾ ಕ್ಲಿಕ್ಕಿಸುವುದನ್ನು ತಡೆಯಲು ಅವಳಿಂದಾಗಲಿಲ್ಲ.

ಅವನು ಓಡಲಿಲ್ಲ. ಪಂಚನಾಮೆ ನಡೆಯಿತು, ಕ್ಯಾಮೆರಾ ಜಪ್ತಿಯಾಯಿತು.

ಮಧ್ಯಾಹ್ನ ಠಾಣೆಯಲ್ಲಿ ವಿಚಾರಣೆ. ಸುಮಂಗಲಾ ಹೇಳಿ ಕಳಿಸಿದ್ದರಿಂದ ಲುಂಬಿನಿ ಬಂದು ಬಾಗಿಲ ಬಳಿ ನಿಂತಿದ್ದಳು.

“ಮುಂಬೈದಾಗ ಯಾರದಾರ?”

“ಯಾರೂ ಇಲ್ರಿ. ಇಲ್ಲೇ ರೇಲ್ವೆ ಸ್ಟೇಷನ್ದಾಗ ಅವರು ತಂದ ರೊಕ್ಕ ತಗೊಂಡು, ಫೈನಲ್ ಮುಂದ ಹೋಗ್ಯಾದ ಅಂತ ತಿರುಗಿ ಕಳಸ್ತಿದ್ದೆ.”

“ಎದಕ್ಕ ಮಾಡ್ದಿ?”

“ಇಪ್ಪತ್ತು ವರ್ಷ ಹೆಣ ತೆಗದೀನ್ರಿ ಮೇಡಮ್. ಒಂದು ಹೆಣಾನೂ ಎದ್ದು, ಫೋಟೋ ಹೆಂಗ ಬಂದದ ತೋರಸು ಅಂದಿಲ್ಲ. ಮೊದಲ್ನೇ ಹುಡುಗಿ ತನ್ನ ಫೋಟೋ ನೋಡಿ ಅತ್ತಳು. ಆಮ್ಯಾಲ ಬಿಡಲಿಕ್ಕ ಆಗ್ಲಿಲ್ಲ.”

“ಮತ್ತ ರೊಕ್ಕ ಯಾಕ ತಗೊಂಡಿ?”

“ಪುಕ್ಕಟ್ಟೆ ಚೆಂದ ಇದ್ದಿ ಅಂದ್ರ ಯಾವ ಹುಡುಗಿ ನಂಬ್ತಾಳ್ರಿ?” ಎಂದ ಅವನು. “ಆಮ್ಯಾಲ ರುಚಿನೂ ಹತ್ತಿತು.”

ಬಾಗಿಲಲ್ಲಿದ್ದವಳು ಒಳಗೆ ಬಂದಳು. ಅವನ ಕಡೆ ನೋಡಲಿಲ್ಲ.

“ನನ್ನ ಹೇಳಿಕಿ ಬರಕೋರಿ ಮೇಡಮ್. ಲಗೂನ ಬರೀರಿ. ಫೀಸ್ ಕಟ್ಟಲಿಕ್ಕ ಇವತ್ತೇ ಕಡೀ ದಿನ, ಅವ್ವ ಬಸ್ ಸ್ಟ್ಯಾಂಡಿನ್ಯಾಗ ಕುಂತಾಳ.”

ಬರೆಯುತ್ತ ಸುಮಂಗಲಾ ತಲೆಯೆತ್ತಿದಳು. ಲುಂಬಿನಿಯ ಮುಖದ ಮೇಲೆ ಗಣಿಯ ಬೆಳಕಿರಲಿಲ್ಲ; ರಾತ್ರಿಯೆಲ್ಲ ಅತ್ತು ಬಾತುಕೊಂಡ ಕಣ್ಣು, ಎಣ್ಣೆ ಕಾಣದ ಕೂದಲು. ಆ ಮುಖದ ಮೇಲಿಂದ ಕಣ್ಣು ಕೀಳಲು ಅವಳಿಗೆ ಕಷ್ಟವಾಯಿತು.