ಬಿರುಕು ಮೇಡಂ ಅಂಟಿಸಿದ ಗಾಜು

ನನ್ನ ಬೆನ್ನಿಗೆ ಹಸಿ ಬಣ್ಣ ಮೆತ್ತಿಕೊಂಡಿರುವುದು ಇಡೀ ಫ್ಯಾಕ್ಟರಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ಹೊಲಿಗೆ ಯಂತ್ರಗಳ ಸಾಲಿನ ನಡುವೆ, ಕುತ್ತಿಗೆಗೆ ಟಾರ್ಚು ನೇತುಹಾಕಿಕೊಂಡು, ಬಹಳ ಗಂಭೀರವಾಗಿ ನಡೆಯುತ್ತಿದ್ದೆ. ಹಿಂದಿನಿಂದ ಕಿಸಕ್ಕೆಂದು ಒಂದು ನಗು. ಅದಕ್ಕೆ ಜೊತೆಯಾಗಿ ಇನ್ನೊಂದು. ತಿರುಗಿ ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಕಾಲರು ಹೊಲಿಯುತ್ತಿದ್ದಾರೆ. ಕೊನೆಗೆ ಆ ಸಾಲಿನ ಸೂಪರ್‌ವೈಸರ್ ಅಕ್ಕನೇ ಪಾಪ ಅನ್ನಿಸಿ ಹತ್ತಿರ ಬಂದಳು.

"ಮೇಡಂ, ಆ ಕಂಬಕ್ಕೆ ಒರಗಿದ್ರಾ?"

"ಹೌದು. ಯಾಕೆ?"

"ಏನಿಲ್ಲ. ಕಂಬಾನೂ ನಿಮ್ಮ ಜೊತೇನೇ ಬಂದಿದೆ."

ಅಷ್ಟರಲ್ಲಿ ಮ್ಯಾನೇಜರ್ ಓಡಿ ಬಂದ. ಒಂದು ಕೈಯಲ್ಲಿ ಥಿನ್ನರ್ ಬಾಟಲಿ, ಇನ್ನೊಂದರಲ್ಲಿ ಬಟ್ಟೆ ಚೂರು. ಬೆನ್ನು ಒರೆಸಲು ಕೈ ಚಾಚಿದವನು, ಅದು ಯಾರ ಬೆನ್ನು ಎಂದು ಹೊಳೆದು, ಬೆಂಕಿ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡು ಬಟ್ಟೆಯನ್ನು ಅಕ್ಕನ ಕೈಗಿಟ್ಟ.

"ಯಾವಾಗ ಬಳಿದಿದ್ದು ಇದನ್ನ?" ಎಂದೆ.

"ಬೆಳಿಗ್ಗೆ. ನೀವು ಬರ್ತೀರ ಅಂತ."

"ನಾನು ಬರ್ತೀನಿ ಅಂತ ಕಂಬಕ್ಕೆ ಬಣ್ಣ ಬಳಿದ್ರಾ?"

"ಮತ್ತೆ? ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಕಸ ಗುಡಿಸಲ್ವಾ?"

"ನಾನು ನೆಂಟಳಲ್ಲ ಸಾರ್. ಬಿರುಕು ನೋಡೋಕೆ ಬಂದವಳು. ಅದರ ಮೇಲೇ ಬಣ್ಣ ಬಳಿದಿಟ್ರೆ ನಾನೇನು ನೋಡ್ಲಿ?"

ಅವನು ಕಂಬದ ಕಡೆ ನೋಡಿದ. ನನ್ನ ಕಡೆ ನೋಡಿದ. ತುಟಿಯ ಒಂದು ತುದಿ ಮಾತ್ರ ಮೇಲೆ ಹೋಯಿತು.

"ಎಲ್ಲಾ ಸರಿ ಇದೆ ಮೇಡಂ. ಬಿರುಕು ಒಳಗೇ ಇದೆ, ಎಲ್ಲೂ ಹೋಗಲ್ಲ."

ನನಗೆ ತಲೆ ಚಿಟ್ಟು ಹಿಡಿಯಿತು.

ಪರದೇಶದ ದೊಡ್ಡ ಅಂಗಡಿಗಳಿಗೆ ಶರಟು ಹೊಲಿದು ಕಳಿಸುವ ಫ್ಯಾಕ್ಟರಿಗಳ ಕಟ್ಟಡ ಗಟ್ಟಿಯಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ಶರಟು ಕೊಳ್ಳುವವರು ನಮ್ಮ ಆಫೀಸಿಗೆ ಹೇಳುತ್ತಾರೆ, ಆಫೀಸು ನನ್ನನ್ನು ಕಳಿಸುತ್ತದೆ. ಕಂಬ, ತೊಲೆ, ಸೂರು ಎಲ್ಲವನ್ನೂ ತಟ್ಟಿ, ಕೆರೆದು, ಅಳೆದು, ಕೊನೆಗೆ ಒಂದು ಸಹಿ ಹಾಕಬೇಕು. ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಕಲಿತ ಇಂಜಿನಿಯರಿಂಗ್ ನನ್ನದು. ಹಗಲು ಕಲಿತವರಿಗೆ ಮೇಷ್ಟ್ರು ಏನೋ ಒಂದು ಹೆಚ್ಚಿಗೆ ಹೇಳಿಕೊಟ್ಟಿರಬೇಕು, ಅದು ನನಗೆ ತಪ್ಪಿಹೋಗಿದೆ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ಅಳೆಯುತ್ತೇನೆ.

"ಯಾರ ಮನೆಗೆ ಹೋದ್ರೂ ಮೊದಲು ಸೂರು ನೋಡ್ತೀಯ, ಆಮೇಲೆ ಮನುಷ್ಯರನ್ನ" ಎಂದು ಅಮ್ಮ ಬೈಯುತ್ತಾಳೆ. "ಹಿಂಗಾದ್ರೆ ನಿನಗೆ ಒಳ್ಳೆ ಮನೆ ಸಿಗುತ್ತೆ, ಗಂಡ ಸಿಗಲ್ಲ."

ಆ ದಿನ ಬಣ್ಣ ಕೆರೆದಾಗ ಮೊದಲ ಮಹಡಿಯ ಮೂಲೆಯಲ್ಲಿ, ತೊಲೆ ಕಂಬವನ್ನು ಸೇರುವಲ್ಲಿ, ಓರೆಯಾಗಿ ಇಳಿದ ಒಂದು ಬಿರುಕು ಸಿಕ್ಕಿತು. ಅದರ ನೇರ ಮೇಲೆ ಎರಡನೇ ಮಹಡಿಯಲ್ಲಿ ಬಟ್ಟೆ ಗೋದಾಮು, ಥಾನುಗಳು ಸೂರು ಮುಟ್ಟುವಂತೆ ಒಟ್ಟಿದ್ದವು. ನೇರ ಕೆಳಗೆ ಅಕ್ಕನ ಸಾಲು.

"ಕಟ್ಟಿದಾಗಿನಿಂದ ಇದೆ ಮೇಡಂ ಅದು. ಎಲ್ಲಾ ಸರಿ ಇದೆ" ಎಂದ ಮ್ಯಾನೇಜರ್. ಆ ಕ್ಷಣವೇ ನಾನು ಮನಸ್ಸಿನಲ್ಲಿ ಅವನಿಗೆ 'ಎಲ್ಲಾಸರಿ' ಎಂದು ಹೆಸರಿಟ್ಟೆ. ಅವರೆಲ್ಲ ಸೇರಿ ನನಗೆ 'ಬಿರುಕು ಮೇಡಂ' ಎಂದು ಹೆಸರಿಟ್ಟಾಗಿತ್ತು ಎಂದು ಆಮೇಲೆ ತಿಳಿಯಿತು.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ನಮ್ಮಲ್ಲಿ ಒಂದು ಹಳೇ ಉಪಾಯವಿದೆ. ತೆಳ್ಳಗಿನ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ, ಎರಡೂ ದಡಕ್ಕೆ ಕಚ್ಚುವಂತೆ ಅಂಟಿಸುವುದು. ಬಿರುಕು ಸುಮ್ಮನಿದ್ದರೆ ಗಾಜು ಹಾಗೇ ಇರುತ್ತದೆ. ಕೂದಲೆಳೆಯಷ್ಟು ಬಾಯಿಬಿಟ್ಟರೂ ಗಾಜು ಒಡೆಯುತ್ತದೆ. ಇದನ್ನು ಫ್ಯಾಕ್ಟರಿಯವರಿಗೆ ಬಿಡಿಸಿ ಹೇಳಬಾರದು ಎನ್ನುವುದು ನಮ್ಮ ಆಫೀಸಿನ ಪದ್ಧತಿ. ಹೇಳಿದರೆ ಮೋಸ ಮಾಡುತ್ತಾರಂತೆ.

ಏಣಿ ಹತ್ತಿ ಗಾಜು ಅಂಟಿಸಿ ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದೆ. ಎಲ್ಲಾಸರಿ ಕೆಳಗೆ ಏಣಿ ಹಿಡಿದು ನಿಂತಿದ್ದ. ನಾನು ಮೇಲಿರುವಷ್ಟು ಹೊತ್ತೂ ಮುಖ ಪಕ್ಕಕ್ಕೆ ತಿರುಗಿಸಿ ಎದುರಿನ ಗೋಡೆಯನ್ನೇ ನೋಡುತ್ತಿದ್ದ. ಆ ಮರ್ಯಾದೆ ನನಗೆ ಹಿಡಿಸಿತು. ಹಿಡಿಸಿದ್ದಕ್ಕೆ ಸಿಟ್ಟೂ ಬಂತು.

"ಇದನ್ನ ಯಾರೂ ಮುಟ್ಟಬಾರದು. ಜೋಪಾನ" ಎಂದೆ.

"ಕಣ್ಣಿನ ಹಾಗೆ ನೋಡ್ಕೋತೀನಿ" ಎಂದ. ಹೇಳುವಾಗ ನೋಡಿದ್ದು ಮಾತ್ರ ನನ್ನ ಕಣ್ಣನ್ನು. ಅಂಟಿನ ಟ್ಯೂಬು ನನ್ನ ಕೈಯಿಂದ ಜಾರಿ ಅವನ ಬೂಟಿನ ಮೇಲೆ ಬಿತ್ತು.

ಮುಂದಿನ ಸಲ ಹೋದಾಗ ಗಾಜು ಹಾಗೇ ಇತ್ತು. ಮೆಟ್ಟಿಲುಗಳ ಮೇಲೆ ರಟ್ಟಿನ ಪೆಟ್ಟಿಗೆ ಒಟ್ಟಿದ್ದಕ್ಕೆ ಜಗಳವಾಡಿದೆ. ಅದರ ಮುಂದಿನ ಸಲವೂ ಗಾಜು ಹಾಗೇ ಇತ್ತು. ಪೆಟ್ಟಿಗೆಗಳು ಮೆಟ್ಟಿಲು ಬಿಟ್ಟು ಹೋಗಿದ್ದವು, ಹಿಂಬಾಗಿಲಿಗೆ ಅಡ್ಡ.

"ಮೆಟ್ಟಿಲ ಮೇಲೆ ಬೇಡ ಅಂದ್ರಲ್ಲ, ತೆಗೆಸಿದೆ" ಎಂದ ಹೆಮ್ಮೆಯಿಂದ.

"ಬಾಗಿಲಿಗೆ ಅಡ್ಡ ಇಡಿ ಅಂದ್ನಾ?"

"ಇಡಬೇಡಿ ಅಂತಾನೂ ಅನ್ಲಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೆ ಈ ಕೋಣ ನಾನು ಬರುವ ಹೊತ್ತಿಗೆ ಸರಿಯಾಗಿ, ಸಕ್ಕರೆ ಕಡಿಮೆ ಹಾಕಿದ ಚಹಾ ತರಿಸಿಡುತ್ತಿತ್ತು. ನಾನು ಟಾರ್ಚು ಹಿಡಿದು ಮೂಲೆಗಳಲ್ಲಿ ನುಸುಳುವಾಗ ಜೇಡರ ಬಲೆಯನ್ನು ಮುಂದಾಗಿ ಹೋಗಿ ತನ್ನ ತಲೆಗೆ ಸುತ್ತಿಕೊಳ್ಳುತ್ತಿತ್ತು. ನಾನು ಬೈಯುವಾಗ ತಲೆಯಾಡಿಸುತ್ತಾ, ಮಧ್ಯೆ ಒಮ್ಮೆ ಮಾತ್ರ ಕಣ್ಣೆತ್ತಿ, ಹಾಡು ಮುಗಿಯಿತಾ ಎನ್ನುವಂತೆ ನೋಡುತ್ತಿತ್ತು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ, ಬಸ್ಸಿನಲ್ಲಿ, ಮನೆಗೆ ಹೋಗುವ ದಾರಿಯುದ್ದಕ್ಕೂ.

ಒಂದು ವಿಷಯ ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು. ಬಿರುಕಿನ ಪಕ್ಕದ ಸ್ಟೋರ್ ರೂಮಿನ ಬಾಗಿಲು ಮೊದಲು ಬೆರಳಲ್ಲಿ ತಳ್ಳಿದರೆ ಮುಚ್ಚುತ್ತಿತ್ತು. ಈಗ ಭುಜ ಕೊಟ್ಟು ನೂಕಬೇಕು. ಮೇಲಿನ ತೊಲೆ ಬಾಗುತ್ತಿದ್ದರೆ ಕೆಳಗಿನ ಬಾಗಿಲು ಹೀಗೆ ಬಿಗಿಯುತ್ತದೆ. ಆದರೆ ಗಾಜು ಒಡೆದಿಲ್ಲವಲ್ಲ? ನಮ್ಮ ದೊಡ್ಡ ಇಂಜಿನಿಯರಿಗೆ ಫೋನ್ ಮಾಡಿದೆ.

"ಗಾಜು ಹಂಗೇ ಇದೆ ತಾನೆ? ಮತ್ತೇನು? ನಿನಗೆ ಕನಸಲ್ಲೂ ಬಿರುಕೇ ಕಾಣುತ್ತೆ. ಸಹಿ ಹಾಕಿ ಬಾ" ಎಂದರು.

ಅವರು ಹಗಲು ಕಾಲೇಜಿನಲ್ಲಿ ಕಲಿತವರು. ನಾನು ಫೋನ್ ಇಟ್ಟೆ.

ಕೊನೆಯ ಭೇಟಿಯ ದಿನ ಸಹಿ ಹಾಕಲೆಂದೇ ಹೋದೆ. ಗಾಜು ಇತ್ತು, ನನ್ನ ತಾರೀಖು ಇತ್ತು, ಮೆಟ್ಟಿಲೂ ಹಿಂಬಾಗಿಲೂ ಖಾಲಿ ಇದ್ದವು. ಪೆಟ್ಟಿಗೆ ಎಲ್ಲೆಂದು ಕೇಳಿದರೆ "ನನ್ನ ರೂಮಲ್ಲಿ. ನಾನೀಗ ನಿಂತ್ಕೊಂಡು ಕೆಲಸ ಮಾಡ್ತೀನಿ" ಎಂದ ಎಲ್ಲಾಸರಿ. ನಿಜ. ಆ ರೂಮಿನಲ್ಲಿ ಕುರ್ಚಿ ಹಾಕಲು ಜಾಗವಿರಲಿಲ್ಲ. ಪೆಟ್ಟಿಗೆಗಳ ನಡುವೆ ಎದುರುಬದುರು ನಿಂತಾಗ ನಮ್ಮಿಬ್ಬರ ಮಧ್ಯೆ ಒಂದು ಶರಟಿನ ಅಗಲ ಉಳಿದಿತ್ತು.

"ಇವತ್ತೇ ಕೊನೇನಾ?" ಎಂದ.

"ಸಹಿ ಹಾಕಿದ್ರೆ ಕೊನೆ."

"ಹಂಗಾದ್ರೆ ಒಂದು ವಿಷಯ ಹೇಳ್ಬೇಕು. ನಗಬಾರದು." ಮೇಜಿನ ಡ್ರಾಯರ್ ಎಳೆದು, ಮಡಿಸಿದ ಬಿಳಿ ಬಟ್ಟೆಯೊಂದನ್ನು ತೆಗೆದು, ಹಕ್ಕಿಮರಿಯ ಮೇಲಿನ ಹೊದಿಕೆ ಸರಿಸುವಂತೆ ಬಿಡಿಸಿದ. ಒಳಗೆ ಗಾಜಿನ ಪಟ್ಟಿಗಳು. ಒಂದೊಂದೂ ನಡುವೆ ಎರಡು ಹೋಳಾಗಿತ್ತು. ಒಂದರ ಮೇಲೆ ನನ್ನ ಕೈಬರಹ.

"ನೀವು ಅಂಟಿಸಿದ್ದು ಆ ವಾರವೇ ಒಡೆದುಹೋಯ್ತು. ಟ್ರಾಲಿಯವರು ತಗಲಿಸಿರಬೇಕು. ಜೋಪಾನ ಅಂದಿದ್ರಲ್ಲ, ನಿಮಗೆ ಬೇಜಾರಾಗುತ್ತೆ ಅಂತ ಅಷ್ಟೇ ಅಳತೆಯ ಗಾಜು ಕತ್ತರಿಸಿ ತಂದು ನಾನೇ ಅಂಟಿಸಿದೆ. ಅದೂ ಒಡೀತು. ಮತ್ತೆ ಅಂಟಿಸಿದೆ. ತಾರೀಖೂ ನಿಮ್ಮ ಹಾಗೇ ಬರೆದೆ. ನೀವು ಏಳರ ಅಂಕಿಗೆ ನಡುವೆ ಒಂದು ಅಡ್ಡಗೆರೆ ಹಾಕ್ತೀರಲ್ಲ, ಅದನ್ನ ಕಲಿಯೋಕೆ ಒಂದು ಸಂಜೆ ಬೇಕಾಯ್ತು." ನಾಚಿಕೆಯಿಂದ ಅವನ ಕಿವಿ ಕೆಂಪಾಗಿದ್ದವು. "ಹಳೇದನ್ನ ಬಿಸಾಕೋಕೆ ಮನಸ್ಸಾಗ್ಲಿಲ್ಲ."

ಯಾರಾದರೂ ನನ್ನ ಕೈಬರಹವನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಬಹುದು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಆ ಸುಖ ಒಂದು ಉಸಿರಿನಷ್ಟು ಹೊತ್ತು ಇತ್ತು. ಮರು ಉಸಿರಿಗೆ ತೊಲೆಯ ಎತ್ತರ ನೆನಪಾಯಿತು.

"ತೊಲೆ ಎತ್ತರಕ್ಕೆ ಟ್ರಾಲಿ ಹೋಗುತ್ತಾ?"

"ಹೋಗಲ್ಲ..."

"ಅದು ಒಡೀಲಿ ಅಂತಾನೇ ಅಂಟಿಸಿದ್ದು, ಪುಣ್ಯಾತ್ಮಾ! ಬಿರುಕು ಬೆಳೆದ್ರೆ ಗಾಜು ಒಡೆಯುತ್ತೆ. ಅದು ಬೆಳೀತಾ ಇದೆ ಅಂತ ಗಾಜು ಕೂಗಿ ಕೂಗಿ ಹೇಳ್ತಿತ್ತು. ನೀವು ಪ್ರತಿ ಸಲ ಅದರ ಬಾಯಿ ಮುಚ್ಚಿದ್ದೀರ!"

ಅವನ ಬಾಯಲ್ಲಿ 'ಎಲ್ಲಾ ಸರಿ' ಬರಲಿಲ್ಲ. ಮುಖ ಆ ಬಟ್ಟೆಗಿಂತ ಬಿಳಿಯಾಯಿತು. "ಅಕ್ಕನ ಸಾಲು ಅದರ ಕೆಳಗೇ ಇದೆ" ಎಂದ.

ದೊಡ್ಡ ಇಂಜಿನಿಯರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಒಂದು ಇಡೀ ಫ್ಯಾಕ್ಟರಿ ನಿಲ್ಲಿಸುವುದು ನನ್ನಂಥವಳ ಮಾತಿಗೆ ಆಗುವ ಕೆಲಸವೇ? ಬಾಗಿಲು ಬಿಗಿಯಲು ಬೇರೇನಾದರೂ ಕಾರಣವಿದ್ದರೆ?

"ಕಟ್ಟಡ ಖಾಲಿ ಮಾಡಿಸಬೇಕು" ಎಂದೆ. ದನಿ ನನಗೇ ಕೇಳಿಸಲಿಲ್ಲ. "ಆದ್ರೆ ನನ್ನ ಲೆಕ್ಕ ತಪ್ಪಿದ್ರೆ?"

"ತಪ್ಪಿದ್ರೆ ಒಂದು ದಿನದ ಶರಟು ಹೋಗುತ್ತೆ. ಸರಿ ಇದ್ರೆ?"

ಉತ್ತರಕ್ಕೆ ಕಾಯದೆ ಹೋಗಿ ಮೇನ್ ಸ್ವಿಚ್ ಎಳೆದ.

ನೂರಾರು ಯಂತ್ರಗಳು ಒಟ್ಟಿಗೆ ನಿಂತಾಗ ಆಗುವ ಮೌನವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಮೌನದಲ್ಲಿ ಅವನ ಕೂಗು. ಅಕ್ಕ ತನ್ನ ಸಾಲನ್ನು ಬೈದು ಬೈದು ಎಬ್ಬಿಸಿದಳು. ಮೆಟ್ಟಿಲು ಖಾಲಿ ಇತ್ತು, ಹಿಂಬಾಗಿಲು ಹಾರುಹೊಡೆದಿತ್ತು. ಯಾರೂ ಯಾರನ್ನೂ ತುಳಿಯದೆ ಜನ ಇಳಿದರು. ಅವನು ಕೊನೆಗೆ ಬಂದ, ಯಾರೋ ಬಿಟ್ಟುಬಂದ ಚಪ್ಪಲಿ ಹಿಡಿದುಕೊಂಡು.

ಅಂಗಳದಲ್ಲಿ ಮಾಲೀಕರ ಫೋನ್ ಬಂತು. "ನಾನೇ ನಿಲ್ಲಿಸಿದೆ ಸಾರ್" ಎಂದ. ನಾನು ಫೋನ್ ಕಿತ್ತುಕೊಂಡೆ. "ನಿಲ್ಲಿಸೋಕೆ ಹೇಳಿದ್ದು ನಾನು. ತೊಲೆಗೆ ಕೆಳಗಿನಿಂದ ಆಸರೆ ಕಂಬ ಕೊಟ್ಟು, ಮೇಲಿನ ಥಾನು ಇಳಿಸೋ ತನಕ ಒಬ್ಬರೂ ಒಳಗೆ ಹೋಗಲ್ಲ." ಆ ಕಡೆಯಿಂದ ಬಂದ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ. ದನಿ, ಆಶ್ಚರ್ಯ, ಗಟ್ಟಿಯಾಗಿತ್ತು.

ಫೋನ್ ಇಟ್ಟ ಮೇಲೆ ಮತ್ತೆ ಅವನ ಮೇಲೆ ಹರಿಹಾಯ್ದೆ. "ಒಂದು ಮಾತು ಕೇಳಬಾರದಿತ್ತಾ? ನನ್ನ ಅಕ್ಷರ ಕಲಿತು ಹೊಸ ಗಾಜು ಅಂಟಿಸೋ ಬದಲು, ಗಾಜು ಒಡೀತು, ಏನ್ಮಾಡಲಿ ಅಂತ?"

"ನೀವೂ ಒಂದು ಮಾತು ಹೇಳಬಾರದಿತ್ತಾ, ಒಡೆದ್ರೆ ಫೋನ್ ಮಾಡಿ ಅಂತ?"

ಆಫೀಸಿನ ಪದ್ಧತಿ ಎನ್ನಲು ನಾಚಿಕೆಯಾಯಿತು. ಮೋಸ ಮಾಡುತ್ತಾರೆಂದು ಹೇಳದೆ ಇದ್ದೆವು. ಹೇಳದೆ ಇದ್ದುದಕ್ಕೇ ಹೀಗಾಗಿತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡುತ್ತಿದ್ದಳು. "ಸಾರ್, ನಮ್ಮ ತಲೆ ಮೇಲೆ ಸೂರು ಬೀಳೋದ್ರಲ್ಲಿತ್ತು. ನೀವು ಅದರ ಮೇಲೆ ಕೂತು ಪ್ರೇಮಪತ್ರ ಬರೀತಿದ್ರಾ?"

ಅಂಗಳವೆಲ್ಲ ನಕ್ಕಿತು. ಅವನು ನಗಲಿಲ್ಲ. ಅಕ್ಕನ ಮುಂದೆ ತಲೆ ತಗ್ಗಿಸಿ "ತಪ್ಪಾಯ್ತಕ್ಕ" ಎಂದ. ನಾನವನನ್ನು ಪೂರ್ತಿ ನೋಡಿದ್ದು ಆಗಲೇ ಇರಬೇಕು, ಸೂರು ಬಿಟ್ಟು.

ಗಾರೆ ಒಡೆದು ನೋಡಿದಾಗ ತೊಲೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಪುಡಿಯಾಗುತ್ತಿತ್ತು. ದೊಡ್ಡ ಇಂಜಿನಿಯರು ಬಂದು ನೋಡಿ, ಕೆಮ್ಮಿ, "ಒಳ್ಳೇದೇ ಮಾಡ್ದೆ" ಎಂದರು. ಗೋದಾಮು ನೆಲಮಹಡಿಗೆ ಇಳಿಯಿತು. ತೊಲೆಗೂ ಕಂಬಕ್ಕೂ ಹೊಸ ಕಬ್ಬಿಣ, ಹೊಸ ಕಾಂಕ್ರೀಟು ಬಂತು. ಎಲ್ಲ ಮುಗಿದ ಮೇಲೆ ಸಹಿ ಹಾಕಲು ಹೋದೆ. ಆ ಮೂಲೆಯಲ್ಲಿ ಮತ್ತೊಂದು ಗಾಜು ಅಂಟಿಸಿದೆ. ಈ ಸಲ ಇಡೀ ಸಾಲನ್ನು ಕರೆದು, ಅದು ಯಾಕೆಂದು ಬಿಡಿಸಿ ಹೇಳಿದೆ.

"ಒಡೆದ್ರೆ ಫೋನ್ ಮಾಡ್ಬೇಕು, ಗೊತ್ತಾಯ್ತು" ಎಂದ ಎಲ್ಲಾಸರಿ, ಏಣಿ ಹಿಡಿದು, ಗೋಡೆ ನೋಡುತ್ತಾ. ಮತ್ತೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಚೀಲ ತಗಲಿಸಿಕೊಂಡು ಹೊರಟೆ, ದಾರಿಯುದ್ದಕ್ಕೂ ಅವನನ್ನೂ ನನ್ನನ್ನೂ ಸರಿಸಮ ಬೈದುಕೊಳ್ಳುತ್ತಾ.

ಗೇಟಿನ ಹತ್ತಿರ ಫೋನ್ ರಿಂಗಾಯಿತು.

"ಮೇಡಂ, ಗಾಜು ಇನ್ನೂ ಒಡೆದಿಲ್ಲ."

"ಅಂಟೇ ಒಣಗಿಲ್ಲ ಇನ್ನೂ!" ಗೇಟಿನ ಕಂಬಕ್ಕೆ ಒರಗಿ ನಿಂತೆ. "ಒಡೆದ್ರೆ ಮಾಡಿ ಅಂದಿದ್ದು. ಎಲ್ಲಾ ಸರಿ ಇದೆ ತಾನೆ?"

ಆ ಕಡೆ ಹೊಲಿಗೆ ಯಂತ್ರಗಳ ಸದ್ದು ಸ್ವಲ್ಪ ದೂರವಾಯಿತು, ಅವನು ಪಕ್ಕಕ್ಕೆ ಸರಿದಿರಬೇಕು.

"ಇಲ್ಲ" ಎಂದ. "ಸರಿ ಇಲ್ಲ. ನೀವು ಮತ್ತೆ ಬರಲ್ಲ ಅಂದ್ರೆ ಏನೂ ಸರಿ ಇಲ್ಲ. ಮುಚ್ಚಿಡಬಾರದು ಅಂತ ನೀವೇ ಕಲಿಸಿದ್ದು, ಅದಕ್ಕೆ ಹೇಳಿದೆ."

ಯಾವುದನ್ನೂ ಎರಡು ಸಲ ಅಳೆಯದೆ ನಾನು ಹೇಳಿದವಳಲ್ಲ. ಆವತ್ತು ಒಂದು ಸಲವೂ ಅಳೆಯಲಿಲ್ಲ.

"ಭಾನುವಾರ ಮನೆಗೆ ಬನ್ನಿ. ಅಮ್ಮ ಇರ್ತಾಳೆ. ನಮ್ಮನೆ ಸೂರು ಗಟ್ಟಿಯಾಗಿದೆ, ನಾನೇ ನೋಡಿದ್ದೀನಿ. ಆದ್ರೆ ದಮ್ಮಯ್ಯ, ಬರ್ತಾ ಯಾವುದಕ್ಕೂ ಬಣ್ಣ ಬಳಿದು ಬರಬೇಡಿ."

"ಮೇಡಂ," ಅವನ ದನಿ ಒಮ್ಮೆಗೇ ಗಾಬರಿಯಾಯಿತು, "ನೀವೀಗ ಎಲ್ಲಿ ನಿಂತಿದ್ದೀರ?"

"ಗೇಟಿನ ಹತ್ರ. ಕಂಬಕ್ಕೆ ಒರಗಿ. ಯಾಕೆ?"

ಕೇಳುವಷ್ಟರಲ್ಲೇ ನನಗೇ ಗೊತ್ತಾಯಿತು. ಹಸಿ ಬಣ್ಣಕ್ಕೆ ಬೆನ್ನು ತಣ್ಣಗಾಗುತ್ತಿತ್ತು. ಮೊದಲ ಮಹಡಿಯ ಕಿಟಕಿಯಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಪಕ್ಕದಿಂದ ಯಾರೋ ಥಿನ್ನರ್ ಬಾಟಲಿ ಹಿಡಿದು ಮೆಟ್ಟಿಲ ಕಡೆ ಓಡಿದರು. ಮೆಟ್ಟಿಲು ಖಾಲಿ ಇತ್ತು, ಅವನು ಬೇಗ ಬಂದ.

ಈ ಸಲ ಬಟ್ಟೆಯನ್ನು ಅಕ್ಕನ ಕೈಗೆ ಕೊಡಲಿಲ್ಲ.